ತುದಿ ಮುಟ್ಟದೆ ವಾಪಸ್ ಬಂದಿದ್ದು

ಸ್ಟೇಗಸ್ಟೈನ್ ಮೇಲೆ ನಿಂತು ನಾನು ನೋಡಿದ್ದು ಬಿಳಿ ಬಣ್ಣ. ಬರೀ ಬಿಳಿ. ಔರ್ಲಾಂಡ್ ಫಿಯೋರ್ಡ್ ಅನ್ನುವ, ಬೆಟ್ಟಗಳ ನಡುವೆ ನುಗ್ಗಿದ ಸಮುದ್ರದ ನೀರಿನಿಂದ 650 ಮೀಟರ್ ಮೇಲೆ, ಬೆಟ್ಟದ ಮೈಯಿಂದ 30 ಮೀಟರ್ ಆಚೆ ಚಾಚಿಕೊಂಡಿರುವ ಮರದ ಅಟ್ಟ ಅದು. ತುದಿಗೆ ಹೋದರೆ ಹಲಗೆಗಳು ಜಾರುಬಂಡಿಯ ಹಾಗೆ ಕೆಳಗೆ ಬಾಗಿಬಿಡುತ್ತವೆ, ನಮಗೂ ಪ್ರಪಾತಕ್ಕೂ ಅಡ್ಡ ಇರುವುದು ಒಂದು ಗಾಜು ಮಾತ್ರ. ನಾರ್ವೆ ಅಂತ ಹುಡುಕಿದರೆ ಕಾಣುವ ಫೋಟೊಗಳಲ್ಲಿ ಇದೊಂದು ಇದ್ದೇ ಇರುತ್ತದೆ. ನಾವಿರುವ ಬರ್ಗೆನ್ ಊರಿನಲ್ಲಿ ಬೆಳಗಿನ ಜಾವ ಎದ್ದು, ಎರಡು ರೈಲು ಒಂದು ಬಸ್ಸು ಹತ್ತಿ ಇಳಿದು ಅಲ್ಲಿಗೆ ಹೋಗಿದ್ದೆವು. ಗಾಜಿನ ಆಚೆ ಮಂಜು, ಈಚೆ ನೀರಿನ ಹನಿ. ನನ್ನ ಗಂಡ ಆ ಹನಿಗಳದ್ದೇ ಒಂದು ಫೋಟೊ ತೆಗೆದ, ಕೊಟ್ಟ ದುಡ್ಡಿಗೆ ಏನಾದರೂ ಬೇಕಲ್ಲ ಅಂತ.

ಪಕ್ಕದಲ್ಲಿ ಒಬ್ಬರು ಅಜ್ಜಿ ಕೂತಿದ್ದರು. ಎಪ್ಪತ್ತು ದಾಟಿರಬಹುದು. ಬ್ಯಾಗಿನಿಂದ ಮಡಚುವ ಚಿಕ್ಕ ಚಾಪೆ ತೆಗೆದು ಹಾಸಿಕೊಂಡು, ಫ್ಲಾಸ್ಕಿನಿಂದ ಕಾಫಿ ಬಗ್ಗಿಸಿಕೊಂಡು, ಕಿತ್ತಳೆ ಹಣ್ಣು ಸುಲಿಯುತ್ತಿದ್ದರು. ಕೆಳಗಿನ ಔರ್ಲಾಂಡ್ ಊರಿನಿಂದ ನಡೆದೇ ಹತ್ತಿ ಬಂದಿದ್ದರಂತೆ. ನನಗೆ ಆಗ ನಾರ್ವೇಜಿಯನ್ ಅಷ್ಟಕ್ಕಷ್ಟೇ. ಆದರೂ ಹರಕು ಮುರುಕು ಭಾಷೆಯಲ್ಲಿ, ಅಷ್ಟು ಹತ್ತಿ ಬಂದರೂ ಏನೂ ಕಾಣಲಿಲ್ಲ ಅಲ್ವಾ, ಬೇಜಾರಾಗಲಿಲ್ವಾ ಅಂತ ಕೇಳಿದೆ. ಅವರಿಗೆ ಪ್ರಶ್ನೆಯೇ ಅರ್ಥವಾಗಲಿಲ್ಲ. ನನ್ನ ಭಾಷೆ ಸರಿ ಇಲ್ಲ ಅಂದುಕೊಂಡು ಇನ್ನೊಂದು ಸಲ ಕೇಳಿದೆ. ಭಾಷೆ ಅರ್ಥವಾಗಿತ್ತು, ಕೇಳಿದ್ದು ಯಾಕೆ ಅಂತ ಅರ್ಥವಾಗಿರಲಿಲ್ಲ. 'ಟೂರ್ ಚೆನ್ನಾಗಿತ್ತು' ಅಂದರು. ಎರಡು ತೊಳೆ ಕಿತ್ತಳೆ ಕೊಟ್ಟರು.

ಈ 'ಟೂರ್' ಅನ್ನುವ ಪದದ ಬಗ್ಗೆ ಸ್ವಲ್ಪ ಹೇಳಬೇಕು. ನಾವೂ ಟೂರ್ ಅಂತೀವಿ, ಅವರೂ ಟೂರ್ ಅಂತಾರೆ, ಕಿವಿಗೆ ಎರಡೂ ಒಂದೇ. ನಮ್ಮ ಟೂರ್ ಅಂದರೆ ಬಸ್ಸು ಮಾಡಿಕೊಂಡು, ಪುಳಿಯೋಗರೆ ಕಟ್ಟಿಕೊಂಡು, ಬೆಳಗ್ಗೆ ಒಂದು ಜಾಗ ಮಧ್ಯಾಹ್ನ ಒಂದು ಜಾಗ ನೋಡಿ, ಸಂಜೆಗೆ ಸನ್‌ಸೆಟ್ ಪಾಯಿಂಟ್ ಮುಟ್ಟುವುದು. ನೋಡಿದ ಪಾಯಿಂಟುಗಳ ಲೆಕ್ಕವೇ ಟೂರು. ಇವರದ್ದು ಹಾಗಲ್ಲ. ಮನೆ ಹಿಂದಿನ ಗುಡ್ಡದಲ್ಲಿ ಅರ್ಧ ಗಂಟೆ ನಡೆದು ಬಂದರೂ ಟೂರ್. ಮಗುವನ್ನು ಗಾಡಿಯಲ್ಲಿ ಮಲಗಿಸಿಕೊಂಡು ಕೆರೆ ಸುತ್ತಿದರೂ ಟೂರ್. ಎಂಟು ದಿನ ಹಿಮದ ಮೇಲೆ ಸ್ಕೀ ಮಾಡುತ್ತಾ ಗುಡಿಸಲಿನಿಂದ ಗುಡಿಸಲಿಗೆ ಹೋದರೂ ಟೂರ್. ಅದರಲ್ಲಿ ಹೋಗುವುದು ಮುಖ್ಯ, ತಲುಪುವುದು ಆದರೆ ಆಯಿತು, ಇಲ್ಲದಿದ್ದರೆ ಇಲ್ಲ. ಇದು ನನ್ನ ತಲೆಗೆ ಇಳಿಯೋಕೆ ಮೂರು ವರ್ಷ ಬೇಕಾಯಿತು.

ಯಾಕೆ ಅಂದರೆ ನಾನು ಬಂದಿದ್ದು ಬೆಂಗಳೂರಿನ ವೀಕೆಂಡ್ ಟ್ರೆಕ್ಕಿಂಗ್ ಲೋಕದಿಂದ. ಹುಟ್ಟಿದ್ದು ತೀರ್ಥಹಳ್ಳಿ ಹತ್ತಿರದ ಹಳ್ಳಿಯಲ್ಲಾದರೂ ಬೆಟ್ಟ ಹತ್ತೋಕೆ ಕಲಿತಿದ್ದು ಬೆಂಗಳೂರಿಗೆ ಬಂದ ಮೇಲೆ. ಊರಲ್ಲಿ ಇದ್ದಾಗ ಗುಡ್ಡ ಹತ್ತುತ್ತಿದ್ದುದು ಸೊಪ್ಪಿಗೋ ಕಳೆದುಹೋದ ಎಮ್ಮೆ ಹುಡುಕೋಕೋ ಮಾತ್ರ. ಶುಕ್ರವಾರ ರಾತ್ರಿ ಬಸ್ಸು ಹತ್ತಿದರೆ ಶನಿವಾರ ಬೆಳಗ್ಗೆ ಕುಕ್ಕೆ ಸುಬ್ರಹ್ಮಣ್ಯ, ಅಲ್ಲಿಂದ ಕುಮಾರ ಪರ್ವತ, ನಡುವೆ ಭಟ್ಟರ ಮನೆಯಲ್ಲಿ ಊಟ. 1712 ಮೀಟರ್. ಸೋಮವಾರ ಆಫೀಸಿನಲ್ಲಿ ಎಲ್ಲರೂ ಕೇಳುವ ಪ್ರಶ್ನೆ ಒಂದೇ: 'ಟಾಪ್ ರೀಚ್ ಆದ್ಯಾ?' ಇಲ್ಲ ಅಂದರೆ ಅಯ್ಯೋ ಪಾಪ ಅನ್ನುವ ಮುಖ. ಮಂಡಿ ಊದಿಕೊಂಡರೂ, ಜಿಗಣೆ ಹತ್ತಿದರೂ, ಮಳೆ ಬಂದರೂ ತುದಿ ಮುಟ್ಟಲೇಬೇಕು. ಅದನ್ನೇ ನಾನು ಸೂಟ್‌ಕೇಸಿನಲ್ಲಿ ಹಾಕಿಕೊಂಡು ಬರ್ಗೆನ್‌ಗೆ ಬಂದೆ.

ಈ ಕಡೆ ಯಾವ ತರ ಜಾಗ ಅಂತ ಒಂದಿಷ್ಟು. ಸೊಗ್ನೆ ಫಿಯೋರ್ಡ್ ಅನ್ನುವುದು ನಾರ್ವೆಯ ಅತಿ ಉದ್ದದ ಫಿಯೋರ್ಡ್, 200 ಕಿಲೋಮೀಟರ್‌ಗೂ ಸ್ವಲ್ಪ ಜಾಸ್ತಿ. ಸಮುದ್ರವೇ ಬೆರಳು ಬೆರಳಾಗಿ ಬೆಟ್ಟಗಳ ಒಳಗೆ ನುಗ್ಗಿಬಿಟ್ಟಿದೆ ಅಂದುಕೊಳ್ಳಿ. ಔರ್ಲಾಂಡ್ ಫಿಯೋರ್ಡ್ ಅದರ ಒಂದು ಬೆರಳು, ನೇರೊಯ್ ಫಿಯೋರ್ಡ್ ಆ ಬೆರಳಿನಿಂದ ಒಡೆದ ಇನ್ನೊಂದು. ಹಿಮಯುಗಗಳಲ್ಲಿ ಇಲ್ಲಿ ಕೂತಿದ್ದ ಹಿಮನದಿ ಕಣಿವೆಯನ್ನು ಸವೆಸಿ ಸವೆಸಿ ಆಳ ಮಾಡಿತು, ಹಿಮ ಕರಗಿದ ಮೇಲೆ ಸಮುದ್ರ ಒಳಗೆ ಬಂತು. ವಿಚಿತ್ರ ಏನು ಅಂದರೆ, ಸೊಗ್ನೆ ಫಿಯೋರ್ಡ್ ಒಳಗಡೆ 1300 ಮೀಟರ್ ಆಳ, ಸಮುದ್ರ ಸೇರುವ ಬಾಯಿಯ ಹತ್ತಿರ ಮಾತ್ರ ಅದರ ಕಾಲುಭಾಗವೂ ಇಲ್ಲ. ನಾವು ಸಮುದ್ರದ ಕಡೆ ಹೋದಷ್ಟೂ ಆಳ ಜಾಸ್ತಿ ಅಂದುಕೊಂಡಿರುತ್ತೇವೆ ಅಲ್ವಾ? ಹಿಮನದಿ ಒಳನಾಡಿನಲ್ಲಿ ಇಕ್ಕಟ್ಟಿನಲ್ಲಿ ಇತ್ತು, ದಪ್ಪ ಇತ್ತು, ಹಾಗಾಗಿ ಚೆನ್ನಾಗಿ ಕೊರೆಯಿತು. ಕರಾವಳಿಗೆ ಬಂದು ಹರಡಿಕೊಂಡ ಮೇಲೆ ಅದಕ್ಕೆ ಶಕ್ತಿ ಇರಲಿಲ್ಲ. ಬಾಯಿಯಲ್ಲಿ ಹೊಸ್ತಿಲಿನ ತರ ಕಲ್ಲು ಉಳಿದುಹೋಯಿತು.

ಮಳೆ ಬಗ್ಗೆ ಇಲ್ಲಿಯವರು ತುಂಬಾ ಮಾತಾಡುತ್ತಾರೆ. ಬರ್ಗೆನ್ ಅಂದರೆ ಮಳೆ ಊರು ಅಂತಲೇ ಹೆಸರು, ವರ್ಷಕ್ಕೆ ಎರಡು ಸಾವಿರ ಮಿಲಿಮೀಟರ್ ದಾಟುತ್ತದೆ. ಆಗುಂಬೆಯಲ್ಲಿ ಏಳು ಸಾವಿರ ದಾಟುತ್ತದೆ ಅಂತ ಆಫೀಸಿನಲ್ಲಿ ಒಂದು ದಿನ ಹೇಳಿದೆ. ಯಾರೂ ನಂಬಲಿಲ್ಲ. ದಾವಣಗೆರೆಯ ನನ್ನ ಗಂಡನೂ ಅವರ ಜೊತೆ ಸೇರಿಕೊಂಡು ನಂಬಲಿಲ್ಲ.

ಈಗ ಫಿನ್ಸೆ ಕಥೆಗೆ ಬರುತ್ತೇನೆ. ಬರ್ಗೆನ್ ಮತ್ತು ಓಸ್ಲೊ ನಡುವೆ ರೈಲು ದಾರಿ ಇದೆ, 1909ರಲ್ಲಿ ಶುರುವಾಗಿದ್ದು. ಅದರ ಅತಿ ಎತ್ತರದ ಸ್ಟೇಷನ್ ಫಿನ್ಸೆ, 1222 ಮೀಟರ್. ಅಲ್ಲಿಗೆ ಕಾರು ಹೋಗುವ ರಸ್ತೆಯೇ ಇಲ್ಲ. ರೈಲಿನಿಂದ ಇಳಿದರೆ ಎದುರಿಗೆ ಕೆರೆ, ಕೆರೆ ಆಚೆ ಹಿಮನದಿ. ಈ ರೈಲು ದಾರಿ ಕಟ್ಟುವಾಗ ಕೂಲಿಯವರೂ ಸಾಮಾನೂ ಓಡಾಡಲಿ ಅಂತ ಪಕ್ಕದಲ್ಲೇ ಒಂದು ಕಚ್ಚಾ ರಸ್ತೆ ಮಾಡಿದ್ದರು. ಆ ಕೂಲಿಯವರನ್ನು 'ರಲ್ಲಾರ್' ಅನ್ನುತ್ತಿದ್ದರು, ಅದಕ್ಕೇ ಆ ರಸ್ತೆಯ ಹೆಸರು ರಲ್ಲಾರ್‌ವೇಗನ್. ಈಗ ಅದು ಸೈಕಲ್ ದಾರಿ. ಹೌಗಸ್ಟೋಲ್‌ನಿಂದ ಹೊರಟರೆ ಫಿಯೋರ್ಡ್ ದಡದ ಫ್ಲೋಮ್ ಊರಿನ ತನಕ 80 ಕಿಲೋಮೀಟರ್‌ಗೂ ಜಾಸ್ತಿ, ಫಿನ್ಸೆಯಿಂದ ಶುರು ಮಾಡಿದರೆ ಬಹುಪಾಲು ಇಳಿಜಾರು. ಸೊನ್ನೆಯಿಂದ 1200 ಮೀಟರ್ ಹತ್ತುವ ಕಷ್ಟ ರೈಲಿಗೆ, ಇಳಿಯುವ ಸುಖ ನಮಗೆ. ಇಷ್ಟು ಓದಿದ್ದೇ ಸಾಕಾಯಿತು. ಜುಲೈ ಮೊದಲ ವಾರ ಹೊರಟೆವು.

ನಾವು ನೋಡಿದ್ದ ಫೋಟೊಗಳು ಆಗಸ್ಟ್ ತಿಂಗಳವು ಅನ್ನುವುದು ನಮಗೆ ಹೊಳೆಯಲಿಲ್ಲ.

ಸೈಕಲ್ ಬಾಡಿಗೆ ಕೊಟ್ಟ ಹುಡುಗ ಹೇಳಿದ, ಮುಂದೆ ಒಂದೆರಡು ಕಡೆ ಹಿಮ ಇನ್ನೂ ಇದೆ, ಇಳಿದು ತಳ್ಳಬೇಕಾಗುತ್ತದೆ ಅಂತ. ಒಂದೆರಡು ಕಡೆ ತಾನೇ ಅಂತ ನಾವು. ಮೊದಲ ಹಿಮದ ರಾಶಿ ಮಜಾ ಇತ್ತು, ನಿಂತು ಫೋಟೊ ತೆಗೆದುಕೊಂಡೆವು. ಎರಡನೆಯದು ಉದ್ದ ಇತ್ತು. ಮೂರನೆಯದರಲ್ಲಿ ದಾರಿಯೇ ಕಾಣಲಿಲ್ಲ, ಬೇರೆಯವರು ತಳ್ಳಿಕೊಂಡು ಹೋದ ಚಕ್ರದ ಗುರುತು ಮಾತ್ರ. ಬಾಡಿಗೆ ಸೈಕಲ್ ಎಮ್ಮೆ ತೂಕ. ಹಿಮದ ಇಳಿಜಾರು ಎಡಕ್ಕೆ ಜಾರಿ ನೇರ ಕೆರೆಗೆ ಇಳಿಯುತ್ತಿತ್ತು, ಕೆರೆಯಲ್ಲಿ ಇನ್ನೂ ಮಂಜುಗಡ್ಡೆ ತೇಲುತ್ತಿತ್ತು. ನನ್ನ ಶೂ ಒಳಗೆ ನೀರು. ನನ್ನ ಗಂಡನದ್ದು ಹತ್ತಿಯ ಜೀನ್ಸು, ಮೊಣಕಾಲಿನ ತನಕ ಒದ್ದೆ. ಗಾಳಿ ಬೇರೆ. ಎರಡು ಗಂಟೆಯಲ್ಲಿ ನಾವು ಹೋಗಿದ್ದು ಎಷ್ಟು ದೂರ ಅಂತ ಇಲ್ಲಿ ಬರೆಯುವುದಿಲ್ಲ, ನಾಚಿಕೆಯಾಗುತ್ತದೆ.

ಎದುರುಗಡೆಯಿಂದ ಒಂದು ಸಂಸಾರ ಬಂತು. ಅಪ್ಪ ಅಮ್ಮ, ಹತ್ತು ಹನ್ನೆರಡು ವಯಸ್ಸಿನ ಇಬ್ಬರು ಮಕ್ಕಳು. ಅವರೂ ನಮ್ಮ ತರವೇ ಫ್ಲೋಮ್‌ಗೆ ಅಂತ ಹೊರಟವರು, ಈಗ ವಾಪಸ್ ಹೋಗುತ್ತಿದ್ದಾರೆ. ಮುಂದೆ ಹೇಗಿದೆ ಅಂತ ಕೇಳಿದೆ. 'ಹೋಗಬಹುದೇನೋ, ನಾವು ಬೇಡ ಅಂದುಕೊಂಡೆವು' ಅಂದ ಆತ. ಮಕ್ಕಳ ಮುಖದಲ್ಲಿ ಸೋತ ಕಳೆ ಇರಲಿಲ್ಲ. ಚಿಕ್ಕವನು ಒಂದು ಹಾಡಿನ ತರ ಹೇಳಿದ: 'ದ ಎರ್ ಇಂಗೆನ್ ಸ್ಕಾಮ್ ಓ ಸ್ನೂ.' ವಾಪಸ್ ತಿರುಗುವುದರಲ್ಲಿ ಅವಮಾನ ಏನೂ ಇಲ್ಲ ಅಂತ ಅರ್ಥ. ಅವರ ಸ್ಕಾಮ್ ಅಂದರೆ ನಾಚಿಕೆ. ನಮ್ಮ ಪೇಪರಿನಲ್ಲಿ ದಿನಾ ಬರುವ ಸ್ಕ್ಯಾಮಿಗೆ ನಾಚಿಕೆ ಎಲ್ಲಿದೆ ಅನ್ನುವುದು ಬೇರೆ ಮಾತು.

ಅದು ಆ ಹುಡುಗನ ಸ್ವಂತ ಮಾತಲ್ಲ. ಈ ದೇಶದಲ್ಲಿ ಬೆಟ್ಟಕ್ಕೆ ಹೋಗುವವರಿಗೆ ಒಂಬತ್ತು ನಿಯಮ ಇವೆ. ಶಾಲೆ ಮಕ್ಕಳಿಗೆ ಬಾಯಿಪಾಠ, ನಮ್ಮ ಮಗ್ಗಿ ತರ. ಎಲ್ಲಿಗೆ ಹೋಗುತ್ತೀರಿ ಅಂತ ಯಾರಿಗಾದರೂ ಹೇಳಿ ಹೋಗಿ, ಹವಾಮಾನ ನೋಡಿ, ಮ್ಯಾಪು ದಿಕ್ಸೂಚಿ ಇಟ್ಟುಕೊಳ್ಳಿ, ಹೀಗೆ. ಎಂಟನೆಯದು ಈ ತಿರುಗುವ ಮಾತು: ಹೊತ್ತು ಮೀರುವ ಮೊದಲೇ ತಿರುಗಿ, ಅದರಲ್ಲಿ ಅವಮಾನ ಇಲ್ಲ. 1950ರ ದಶಕದಿಂದಲೇ ಈ ತರದ ನಿಯಮಗಳು ಇದ್ದವು, ಆದರೆ 1967ರ ಈಸ್ಟರ್ ರಜೆಯಲ್ಲಿ ಬೆಟ್ಟಕ್ಕೆ ಹೋದ 18 ಜನ ತೀರಿಕೊಂಡ ಮೇಲೆ ಮನೆಮನೆಗೂ ಮುಟ್ಟಿದವು. ಕ್ವಿಕ್ ಲುನ್ಶ್ ಅಂತ ಒಂದು ಚಾಕೊಲೇಟ್ ಇದೆ, ಬೆಟ್ಟಕ್ಕೆ ಹೋಗುವಾಗ ಇಲ್ಲಿಯವರು ತಪ್ಪದೆ ಒಯ್ಯುವಂಥದ್ದು. ಅದರ ಹೊದಿಕೆಯ ಒಳಬದಿಯಲ್ಲಿ ಈ ನಿಯಮಗಳನ್ನು ಅಚ್ಚು ಹಾಕುತ್ತಿದ್ದರು. ಸುಸ್ತಾಗಿ ಕೂತು ಚಾಕೊಲೇಟ್ ಬಿಚ್ಚಿದಾಗಲೇ ಮನುಷ್ಯನಿಗೆ ಇನ್ನೂ ಹೋಗೋದೋ ಬೇಡವೋ ಅನ್ನುವ ಪ್ರಶ್ನೆ ಬರುವುದು. ಯಾರು ಯೋಚನೆ ಮಾಡಿದರೋ, ಸರಿಯಾದ ಜಾಗದಲ್ಲೇ ಬರೆಸಿದ್ದಾರೆ.

ನಾವೂ ತಿರುಗಿದೆವು. ತಿರುಗಿದ್ದು ಬುದ್ಧಿ ಬಂದು ಅಂತ ಹೇಳಿಕೊಳ್ಳುವುದಿಲ್ಲ, ನನ್ನ ಕಾಲ್ಬೆರಳುಗಳು ಮರಗಟ್ಟಿದ್ದವು. ಫಿನ್ಸೆಗೆ ವಾಪಸ್ ಬರುವ ದಾರಿಯುದ್ದಕ್ಕೂ ನನ್ನ ಗಂಡ ಮಾತಾಡಲಿಲ್ಲ. ರೈಲಿಗೆ ಇನ್ನೂ ಸಮಯ ಇತ್ತು, ಶೂ ಬಿಚ್ಚಿ ಕಾಲ್ಚೀಲ ಹಿಂಡಿ, ಸುಮ್ನೆ ಅಲ್ಲೇ ಅಡ್ಡಾಡುತ್ತಿದ್ದೆವು. ಫಿನ್ಸೆಯಲ್ಲಿ ಒಂದು ನೆನಪಿನ ಕಲ್ಲು ಇದೆ, ದಕ್ಷಿಣ ಧ್ರುವಕ್ಕೆ ಹೋದ ಇಂಗ್ಲೆಂಡಿನ ಸ್ಕಾಟ್ ಮತ್ತು ಅವನ ಸಂಗಡಿಗರದ್ದು. ಸ್ಕಾಟ್ 1910ರಲ್ಲಿ ತನ್ನ ಮೋಟಾರು ಜಾರುಬಂಡಿಯನ್ನು ಪರೀಕ್ಷೆ ಮಾಡೋಕೆ ನಾರ್ವೆಯ ಫೆಫೊರ್ ಅನ್ನುವ ಜಾಗಕ್ಕೆ ಬಂದಿದ್ದ. 1912ರ ಜನವರಿಯಲ್ಲಿ ಧ್ರುವ ಮುಟ್ಟಿದ. ಅಷ್ಟು ಹೊತ್ತಿಗೆ ನಾರ್ವೆಯ ಅಮುಂಡ್ಸೆನ್ ಅಲ್ಲಿ ಬಾವುಟ ನೆಟ್ಟು ಹೋಗಿ ತಿಂಗಳಾಗಿತ್ತು. ಸ್ಕಾಟ್ ತುದಿ ಮುಟ್ಟಿದ, ವಾಪಸ್ ಬರಲಿಲ್ಲ, ಜೊತೆಗಿದ್ದ ನಾಲ್ವರೂ ಬರಲಿಲ್ಲ.

ಫಿನ್ಸೆಗೆ ಇನ್ನೊಬ್ಬ ಧ್ರುವಯಾತ್ರಿ ಬಂದಿದ್ದ, 1914ರಲ್ಲಿ. ಶ್ಯಾಕಲ್ಟನ್. ಇವನದ್ದು ನನಗೆ ಜಾಸ್ತಿ ಇಷ್ಟದ ಕಥೆ. 1909ರ ಜನವರಿಯಲ್ಲಿ ಇವನು ಧ್ರುವಕ್ಕೆ ಇನ್ನು 180 ಕಿಲೋಮೀಟರ್ ಇದೆ ಅನ್ನುವಾಗ ನಿಂತ. ಅಲ್ಲಿಯ ತನಕ ಅಷ್ಟು ದಕ್ಷಿಣಕ್ಕೆ ಯಾರೂ ಹೋಗಿರಲಿಲ್ಲ. ಇನ್ನು ಸ್ವಲ್ಪ ಅಂತ ಹೋಗಿದ್ದರೆ ಮುಟ್ಟುತ್ತಿದ್ದನೇನೋ, ಆದರೆ ವಾಪಸ್ ಬರೋಕೆ ಊಟ ಸಾಲದು ಅಂತ ಲೆಕ್ಕ ಹಾಕಿದ. ತಿರುಗಿದ. ಅವನೂ ಜೊತೆಗಿದ್ದ ಮೂವರೂ ಬದುಕಿ ಬಂದರು. ಸತ್ತ ಸಿಂಹಕ್ಕಿಂತ ಬದುಕಿದ ಕತ್ತೆಯೇ ನಿನಗೆ ಮೇಲು ಅಂದುಕೊಂಡೆ ಅಂತ ಹೆಂಡತಿಗೆ ಹೇಳಿದನಂತೆ. ಇದನ್ನು ರೈಲಿನಲ್ಲಿ ನನ್ನ ಗಂಡನಿಗೆ ಓದಿ ಹೇಳಿದೆ. 'ಕತ್ತೆ ಅಂತ ನನಗೇ ಹೇಳ್ತಿದೀಯಾ?' ಅಂದ. ಆದರೆ ಮಾತು ಶುರುವಾಯಿತಲ್ಲ.

ಆಮೇಲೆ ನಾವು ತಯಾರಿ ಮಾಡಿಕೊಂಡೇ ಹೋಗಲು ಕಲಿತೆವು. ಹತ್ತಿ ಬಟ್ಟೆ ಬಿಟ್ಟೆವು, ಮೈಗೆ ತಾಗುವ ಹಾಗೆ ಉಣ್ಣೆ, ಹತ್ತಿ ಒದ್ದೆಯಾದರೆ ಒಣಗುವುದಿಲ್ಲ ಅಂತ ಇಲ್ಲಿ ನರ್ಸರಿ ಮಕ್ಕಳಿಗೂ ಗೊತ್ತು. ಟೂರಿಸ್ಟ್ ಫೋರೆನಿಂಗ್ ಅಂತ ಒಂದು ಸಂಘ ಇದೆ, 1868ರದ್ದು. ಅವರು ಬೆಟ್ಟದ ದಾರಿಗಳಲ್ಲಿ ಕಲ್ಲಿನ ಮೇಲೆ ಕೆಂಪು ಬಣ್ಣದಲ್ಲಿ 'ಟಿ' ಅಕ್ಷರ ಬರೆದಿರುತ್ತಾರೆ. ಮಂಜಿನಲ್ಲಿ ಒಂದು ಟಿ ಬಿಟ್ಟು ಇನ್ನೊಂದು ಟಿ ಹುಡುಕಿಕೊಂಡು ಹೋಗುವುದು. ದೇಶದ ತುಂಬ ಅವರದ್ದು 500ಕ್ಕೂ ಹೆಚ್ಚು ಗುಡಿಸಲು. ಗುಡಿಸಲು ಅಂದೆ ಅಂತ ಸೋಗೆ ಮನೆ ಅಂದುಕೊಳ್ಳಬೇಡಿ, ಗಟ್ಟಿ ಮರದ ಮನೆಗಳು. ಕೆಲವದರಲ್ಲಿ ಯಾರೂ ಇರುವುದಿಲ್ಲ. ಸದಸ್ಯರಾದರೆ ಒಂದು ಕೀಲಿ ಕೊಡುತ್ತಾರೆ, ಬೀಗ ತೆಗೆದು ಒಳಗೆ ಹೋಗಿ, ಒಲೆ ಹಚ್ಚಿ, ಅಲ್ಲಿರುವ ಡಬ್ಬಿ ಊಟ ಬಿಸಿ ಮಾಡಿಕೊಂಡು ತಿಂದು, ತಿಂದಿದ್ದನ್ನು ಬರೆದು ದುಡ್ಡು ಕಟ್ಟಿ, ಗುಡಿಸಿ, ಮುಂದೆ ಬರುವವರಿಗೆ ಸೌದೆ ಒಡೆದಿಟ್ಟು ಹೋಗಬೇಕು. ನೋಡೋಕೆ ಯಾರೂ ಇಲ್ಲ. ಮೊದಲ ಸಲ ನನಗೆ ಸೌದೆ ಒಡೆಯಲು ಬರುತ್ತದೆ ಅಂತ ಗೊತ್ತಾಗಿ ಅಲ್ಲಿದ್ದ ನಾರ್ವೇಜಿಯನ್ ಹುಡುಗರಿಗೆ ಆಶ್ಚರ್ಯ. ನಮ್ಮಪ್ಪ ನೋಡಿದ್ದರೆ ಖುಷಿಪಡುತ್ತಿದ್ದರು.

ಔರ್ಲಾಂಡ್ ಕಣಿವೆಯ ನಡಿಗೆಯನ್ನೂ ಒಂದು ಸೆಪ್ಟೆಂಬರ್‌ನಲ್ಲಿ ಮಾಡಿದೆವು. ಓಸ್ಟರ್ಬೊದಿಂದ ವಾಸ್ಬಿಗ್ದಿಗೆ, ಇಡೀ ದಿನದ ಇಳಿಯುವ ದಾರಿ. ಒಂದು ಕಡೆ ಬಂಡೆ, ಇನ್ನೊಂದು ಕಡೆ ಕೆಳಗೆ ಹೊಳೆ, ನಡುವೆ ಜನ ಬಿಟ್ಟು ಹೋದ ಹಳೆಯ ಮನೆಗಳು. ಇದನ್ನು ಪೂರ್ತಿ ಮಾಡಿದೆವು. ಪೂರ್ತಿ ಆಗಿದ್ದಕ್ಕೇ ಇರಬೇಕು, ಅದರ ಬಗ್ಗೆ ಹೇಳೋಕೆ ಅಂಥಾ ಕಥೆ ಏನೂ ಇಲ್ಲ.

ಅಮ್ಮ ಬಂದಿದ್ದು ಅದರ ಮುಂದಿನ ವರ್ಷ ಜೂನ್‌ನಲ್ಲಿ. ಅರವತ್ತಾರು ವರ್ಷ, ಎಡ ಮಂಡಿ ನೋವು, ಸೀರೆ ಮೇಲೆ ನನ್ನ ಜಾಕೆಟ್ಟು, ಕಾಲಿಗೆ ಕ್ಯಾನ್ವಾಸ್ ಶೂ. ಬರುವಾಗ ಐದು ಕೆಜಿ ಅವಲಕ್ಕಿ ತಂದಿದ್ದರು. ಫ್ಲೋಮ್ ರೈಲಿನಲ್ಲಿ ಕರೆದುಕೊಂಡು ಹೋದೆ. ಮ್ಯೂರ್ದಾಲ್ ಸ್ಟೇಷನ್ನಿನಿಂದ ಫಿಯೋರ್ಡ್ ದಡದ ಫ್ಲೋಮ್ ತನಕ ಬರೀ 20 ಕಿಲೋಮೀಟರ್, ಅಷ್ಟರಲ್ಲಿ 860 ಮೀಟರ್‌ಗೂ ಜಾಸ್ತಿ ಇಳಿಯುತ್ತದೆ. ಕಡಿದಾದ ಕಡೆ 18 ಮೀಟರ್‌ಗೆ ಒಂದು ಮೀಟರ್ ಇಳಿತ. ನಮ್ಮ ಸಕಲೇಶಪುರ, ಸುಬ್ರಹ್ಮಣ್ಯ ಘಾಟಿಯಲ್ಲಿ 50ಕ್ಕೆ ಒಂದು, ಅದನ್ನೇ ನಾವು ಬಾಯಿ ಬಿಟ್ಟುಕೊಂಡು ನೋಡುತ್ತೇವೆ. ಅಲ್ಲಿ 57 ಸುರಂಗ, ಇಲ್ಲಿ 20. ಆದರೆ ಈ 20ರಲ್ಲಿ 18ನ್ನು ಕೈಯಲ್ಲೇ ಕೊರೆದಿದ್ದು, 1920ರ ದಶಕದಲ್ಲಿ ಶುರು ಮಾಡಿ. ಒಂದು ಮೀಟರ್ ಸುರಂಗಕ್ಕೆ ಒಬ್ಬ ಆಳಿನ ಒಂದು ತಿಂಗಳ ಕೆಲಸ ಹಿಡಿಯಿತಂತೆ. ಅಮ್ಮನಿಗೆ ಇದನ್ನು ಹೇಳಿದ ಮೇಲೆ ಅವರು ಕಿಟಕಿಯ ಆಚೆ ನೋಡುವುದನ್ನು ಬಿಟ್ಟು, ಸುರಂಗ ಬಂದಾಗಲೆಲ್ಲ ಗೋಡೆಯನ್ನು ನೋಡೋಕೆ ಶುರು ಮಾಡಿದರು. 'ಕೂಲಿ ಎಷ್ಟು ಕೊಡ್ತಿದ್ರೇನೋ ಮಾರಾಯ್ತಿ' ಅಂದರು.

ದಾರಿಯಲ್ಲಿ ಶೋಸ್‌ಫೊಸೆನ್ ಅನ್ನುವ ಜಲಪಾತದ ಹತ್ತಿರ ರೈಲು ನಿಲ್ಲುತ್ತದೆ. ಎಲ್ಲರೂ ಇಳಿದು ನೋಡುವಾಗ ಇದ್ದಕ್ಕಿದ್ದ ಹಾಗೆ ಸಂಗೀತ ಕೇಳಿಸುತ್ತದೆ, ಮೇಲೆ ಬಂಡೆಗಳ ನಡುವೆ ಕೆಂಪು ಬಟ್ಟೆಯ ಹೆಂಗಸು ಕುಣಿಯುತ್ತಾಳೆ. ಹುಲ್ದ್ರಾ ಅಂತ ಕಾಡಿನ ಹೆಣ್ಣು, ಗಂಡಸರನ್ನು ಮರುಳು ಮಾಡಿ ಕಾಡಿಗೆ ಕರೆದುಕೊಂಡು ಹೋಗುತ್ತಾಳೆ ಅನ್ನುವುದು ಇಲ್ಲಿಯ ನಂಬಿಕೆ. ಹಿಂದುಗಡೆ ದನದ ಬಾಲ ಇರುತ್ತದಂತೆ, ಅದರಿಂದ ಗುರುತು ಹಿಡಿಯಬೇಕು. ಕುಣಿಯುವುದು ಬೇಸಿಗೆಯ ಕೆಲಸಕ್ಕೆ ಬಂದ ನೃತ್ಯದ ವಿದ್ಯಾರ್ಥಿಗಳು. ನನಗೆ ಇದೆಲ್ಲ ಸ್ವಲ್ಪ ಜಾಸ್ತಿ ಆಯಿತು ಅನ್ನಿಸುತ್ತದೆ, ಜಲಪಾತ ತಾನೇ ಕುಣಿಯುತ್ತಿರುವಾಗ ಇನ್ನೊಬ್ಬರು ಯಾಕೆ ಕುಣಿಯಬೇಕು. ಅಮ್ಮನಿಗೆ ಮಾತ್ರ ತುಂಬಾ ಹಿಡಿಸಿತು. 'ನಮ್ಮ ಮೋಹಿನಿಗೆ ಕಾಲು ಹಿಂದುಮುಂದು ಇರ್ತದೆ, ಇವಳಿಗೆ ಬಾಲ' ಅಂದರು. 'ಎಂತಾದ್ರೂ ಒಂದು ಗುರುತು ಇಟ್ಟಿರ್ತಾರೆ ನೋಡು, ಇಲ್ದಿದ್ರೆ ಗಂಡಸ್ರಿಗೆ ತಿಳಿಯೂದಿಲ್ಲ.'

ಫ್ಲೋಮ್ ಕೆಲವು ನೂರು ಜನರ ಊರು. ಬೇಸಿಗೆಯಲ್ಲಿ ಒಂದು ಕ್ರೂಸ್ ಹಡಗು ಬಂದು ನಿಂತರೆ ಅದರ ಹತ್ತು ಪಟ್ಟು ಜನ ಒಂದೇ ಸಲ ಇಳಿಯುತ್ತಾರೆ. ಹಡಗು ಊರಿಗಿಂತ ಎತ್ತರ. ಅದಕ್ಕೇ ನಾವು ಊರು ಬಿಟ್ಟು ದಡದ ಕಡೆ ಹೋದೆವು. ಇಲ್ಲಿಂದ ಸಮುದ್ರ ನೂರೈವತ್ತು ಕಿಲೋಮೀಟರ್‌ಗೂ ಜಾಸ್ತಿ ದೂರ ಇದ್ದರೂ ಇದು ಸಮುದ್ರದ ನೀರೇ ಅಂತ ಅಮ್ಮನಿಗೆ ಹೇಳಿದೆ. ನಂಬಲಿಲ್ಲ. ಬಗ್ಗಿ ಅಂಗೈಯಲ್ಲಿ ನೀರು ತೆಗೆದು ಬಾಯಿಗೆ ಹಾಕಿಕೊಂಡರು. 'ಉಪ್ಪೇ ಇಲ್ಲ ಕಣೆ, ಸಪ್ಪೆ.' ನಾನೂ ಕುಡಿದು ನೋಡಿದೆ, ಹೌದು, ಉಪ್ಪು ಗೊತ್ತೇ ಆಗದ ಹಾಗೆ. ಆಮೇಲೆ ಓದಿದಾಗ ತಿಳಿಯಿತು: ಬೇಸಿಗೆಯಲ್ಲಿ ಬೆಟ್ಟದ ಹಿಮ ಕರಗಿ ಬಂದ ಸಿಹಿನೀರು ಹಗುರ, ಅದು ಉಪ್ಪುನೀರಿನ ಮೇಲೆ ಕೆನೆ ತರ ಹರಡಿಕೊಳ್ಳುತ್ತದೆ. ಸಮುದ್ರ ಕೆಳಗೆ ಇರುತ್ತದೆ. ಆರು ವರ್ಷದಿಂದ ಇಲ್ಲಿರುವ ನಾನು ಒಂದು ಸಲವೂ ಆ ನೀರಿಗೆ ಕೈ ಹಾಕಿ ರುಚಿ ನೋಡಿರಲಿಲ್ಲ.

ಮರುದಿನ ದೋಣಿಯಲ್ಲಿ ನೇರೊಯ್ ಫಿಯೋರ್ಡ್ ದಾಟಿ ಗುಡ್ವಾಂಗೆನ್‌ಗೆ ಹೋದೆವು. ಎರಡು ಗಂಟೆ. 2005ರಲ್ಲಿ ಯುನೆಸ್ಕೊ ಪಟ್ಟಿಗೆ ಸೇರಿದ ಜಾಗ. ಇಕ್ಕಟ್ಟಾದ ಕಡೆ ಎರಡು ದಡಕ್ಕೂ ನಡುವೆ 250 ಮೀಟರ್, ತಲೆ ಮೇಲೆ ಸಾವಿರ ಮೀಟರ್‌ಗೂ ಎತ್ತರದ ಬಂಡೆ. 2018ರಿಂದ ಇಲ್ಲಿ ಬರೀ ಬ್ಯಾಟರಿಯಲ್ಲಿ ಓಡುವ ದೊಡ್ಡ ದೋಣಿ ಇದೆ. ಸದ್ದೇ ಇಲ್ಲ. ಜಲಪಾತದ ಸದ್ದು ದೂರದಿಂದಲೇ ಕೇಳುತ್ತದೆ, ಕುರಿಯ ಗಂಟೆಯೂ. ಗುಡ್ವಾಂಗೆನ್‌ನಲ್ಲಿ ಇದನ್ನು ಚಾರ್ಜ್ ಮಾಡೋಕೆ ಊರಿನ ಕರೆಂಟು ಸಾಲದೆ, ನೀರಿನ ಮೇಲೆ ತೇಲುವ ಬ್ಯಾಟರಿ ಕಟ್ಟೆ ಮಾಡಿದ್ದಾರೆ, ಅದು ದಿನವಿಡೀ ನಿಧಾನಕ್ಕೆ ಕರೆಂಟು ತುಂಬಿಸಿಕೊಂಡು ದೋಣಿ ಬಂದಾಗ ಒಟ್ಟಿಗೆ ಕೊಡುತ್ತದೆ. ಅಮ್ಮ ಇದಕ್ಕೆ ತಲೆದೂಗಿದರು. ಊರಲ್ಲಿ ತೋಟಕ್ಕೆ ನೀರು ಬಿಡೋಕೆ ರಾತ್ರಿ ಕರೆಂಟು ಕಾಯುವವರಿಗೆ ಇದು ಬೇಗ ಅರ್ಥವಾಗುತ್ತದೆ.

ಎಲ್ಲರೂ ಜಲಪಾತಗಳ ಫೋಟೊ ತೆಗೆಯುತ್ತಿದ್ದರೆ ಅಮ್ಮ ನೋಡುತ್ತಿದ್ದುದು ಬಂಡೆಗಳ ನಡುವಿನ ಹಸಿರು ತುಂಡುಗಳನ್ನು. ಅಲ್ಲೊಂದು ಇಲ್ಲೊಂದು ಮನೆ. 'ಅಲ್ಲಿಂದ ಹುಲ್ಲು ಹೇಗೆ ಇಳಿಸ್ತಾರೆ?' ಕೇಳಿದರು. ಹಿಂದೆ ತಂತಿ ಕಟ್ಟಿ, ಹುಲ್ಲಿನ ಹೊರೆಯನ್ನು ಅದಕ್ಕೆ ಸಿಕ್ಕಿಸಿ ಜಾರಿಸುತ್ತಿದ್ದರು ಅಂದೆ. 'ಹಾಂ, ನಮ್ಮಲ್ಲಿ ಅಡಿಕೆ ಕೊನೆ ಇಳಿಸೋ ಹಾಗೆ' ಅಂದರು. ಸರಿಯೇ. ಮರದ ಮೇಲಿನವನು ಹಗ್ಗದ ಮೇಲೆ ಕೊನೆ ಜಾರಿಸುತ್ತಾನೆ, ಕೆಳಗಿನವನು ಹಗ್ಗ ಬಿಗಿಯಾಗಿ ಹಿಡಿದು ಇಳಿಸಿಕೊಳ್ಳುತ್ತಾನೆ. ಔರ್ಲಾಂಡ್ ಫಿಯೋರ್ಡ್‌ನ ಪಕ್ಕ ಸ್ಟೀಗೆನ್ ಅಂತ ಒಂದು ಮನೆ ಇದೆ, ಬಂಡೆಯ ಮೇಲೆ. ಸ್ಟೀಗೆನ್ ಅಂದರೆ ಏಣಿ. ಕಂದಾಯದವನು ಬರುವುದು ಕಂಡರೆ ಆ ಮನೆಯವರು ಏಣಿಯನ್ನು ಮೇಲೆ ಎಳೆದುಕೊಳ್ಳುತ್ತಿದ್ದರಂತೆ. ಅಮ್ಮ ಇಡೀ ನಾರ್ವೆಯಲ್ಲಿ ಮನಸ್ಸು ಬಿಚ್ಚಿ ನಕ್ಕಿದ್ದು ಈ ಕಥೆಗೆ.

ಉಂಡ್ರೆದಾಲ್‌ಗೂ ಹೋದೆವು. 1988ರ ತನಕ ಆ ಊರಿಗೆ ರಸ್ತೆ ಇರಲಿಲ್ಲ, ದೋಣಿಯೊಂದೇ. ಸುಮಾರು ನಲವತ್ತು ಜನ ಕೂರಬಹುದಾದ ಪುಟ್ಟ ಮರದ ಚರ್ಚು ಇದೆ, ಹನ್ನೆರಡನೇ ಶತಮಾನದ್ದು. ಜನರಿಗಿಂತ ಆಡು ಜಾಸ್ತಿ ಇರುವ ಊರು. ಆಡಿನ ಹಾಲಿನಿಂದ ಚೀಸ್ ತೆಗೆದ ಮೇಲೆ ಉಳಿದ ನೀರನ್ನು ಗಂಟೆಗಟ್ಟಲೆ ಕಾಯಿಸಿ ಕಾಯಿಸಿ ಕಂದು ಬಣ್ಣಕ್ಕೆ ತರುತ್ತಾರೆ, ಅದೇ ಅವರ ಕಂದು ಚೀಸ್, ಸಿಹಿ. ನಮ್ಮ ಸ್ನೇಹಿತರಲ್ಲಿ ಅರ್ಧ ಜನಕ್ಕೆ ಇದು ಸೇರುವುದಿಲ್ಲ. ಅಮ್ಮ ಒಂದು ತುಂಡು ತಿಂದು, ಕಣ್ಣು ಮುಚ್ಚಿ, 'ಜೋನಿ ಬೆಲ್ಲಕ್ಕೆ ಖೋವಾ ಹಾಕಿ ಆಡಿನ ಕೊಟ್ಟಿಗೇಲಿ ಇಟ್ಟ ಹಾಗಿದೆ' ಅಂದರು. ಬೇಡ ಅಂತ ಅರ್ಥ ಅಂದುಕೊಂಡೆ. ಎರಡು ಕಟ್ಟು ತಗೊಂಡರು.

ಇಲ್ಲಿ ಬೇಲಿ ಹಾಕಿದ ಗದ್ದೆ ತೋಟ ಬಿಟ್ಟು ಉಳಿದ ಕಾಡು ಗುಡ್ಡದಲ್ಲಿ ಯಾರು ಬೇಕಾದರೂ ನಡೆಯಬಹುದು, ಹಣ್ಣು ಕೀಳಬಹುದು, ಮನೆಗಳಿಂದ 150 ಮೀಟರ್ ದೂರದಲ್ಲಿ ಎರಡು ರಾತ್ರಿ ಟೆಂಟು ಹಾಕಬಹುದು, ಜಾಗ ಯಾರದ್ದೇ ಆಗಿರಲಿ. ಹಳೆಯ ರೂಢಿ, 1957ರಲ್ಲಿ ಕಾನೂನೇ ಆಯಿತು. 'ನಮ್ಮ ಕಾನಿಗೆ ಹೀಗೆ ಬಿಟ್ರೆ ಒಂದು ಗೇರು ಹಣ್ಣು ಉಳಿಯೂದಿಲ್ಲ' ಅನ್ನುವುದು ಅಮ್ಮನ ಅಭಿಪ್ರಾಯ. ನಾನು ವಾದ ಮಾಡಲಿಲ್ಲ.

ಕೊನೆಯ ದಿನ ಬ್ರೆಕ್ಕೆಫೊಸೆನ್. ಫ್ಲೋಮ್ ಊರಿಗೆ ಹತ್ತಿರದ ಜಲಪಾತ, ಗಂಟೆಯೊಳಗೆ ಹತ್ತುವ ದಾರಿ, ಆದರೆ ಕಡಿದು. ದಾರಿಗೆ ಕಲ್ಲಿನ ಮೆಟ್ಟಿಲು ಇದೆ. ಈ ಮೆಟ್ಟಿಲು ಹಾಕಿದವರು ನೇಪಾಳದ ಶೆರ್ಪಾಗಳು. ನಾರ್ವೆಯ ಎಷ್ಟೋ ಬೆಟ್ಟದ ದಾರಿಗಳಲ್ಲಿ ಬೇಸಿಗೆಗೆ ಅವರು ಬಂದು ಬಂಡೆ ಒಡೆದು, ಹೊತ್ತು, ಕೂರಿಸಿ ಹೋಗುತ್ತಾರೆ. ಒಂದೊಂದು ಕಲ್ಲೂ ಅಲ್ಲಾಡುವುದಿಲ್ಲ. ಅಮ್ಮ ಸೀರೆ ಸ್ವಲ್ಪ ಎತ್ತಿ ಕಟ್ಟಿಕೊಂಡು, ಮಂಡಿ ಮೇಲೆ ಕೈ ಊರಿ, ಒಂದೊಂದೇ ಹತ್ತಿದರು. ಅರ್ಧಕ್ಕೆ ಒಂದು ಅಗಲ ಕಲ್ಲು ಸಿಕ್ಕಿತು. ಕೂತರು. ಕೆಳಗೆ ಫಿಯೋರ್ಡು, ರೈಲು ಆಟಿಕೆ ತರ. ಬ್ಯಾಗಿನಿಂದ ಒಗ್ಗರಣೆ ಅವಲಕ್ಕಿಯ ಡಬ್ಬಿ ತೆಗೆದರು.

'ನನಗೆ ಇಷ್ಟು ಸಾಕು. ನೀನು ಹೋಗಿ ಬಾ.'

'ಇನ್ನು ಹದಿನೈದು ನಿಮಿಷ ಅಷ್ಟೇ ಅಮ್ಮ, ಇಷ್ಟು ದೂರ ಬಂದು...'

ಬಾಯಿಂದ ಬಂದ ಮೇಲೆ ನನಗೇ ಕೇಳಿಸಿತು. ಸೋಮವಾರದ ಆಫೀಸಿನ ದನಿ. ಅಮ್ಮ ನನ್ನ ಕಡೆ ನೋಡಲೂ ಇಲ್ಲ. ಡಬ್ಬಿ ಮುಚ್ಚಳಕ್ಕೆ ಅವಲಕ್ಕಿ ಹಾಕಿ ಮುಂದೆ ಹಿಡಿದರು. ನಾನೂ ಪಕ್ಕದಲ್ಲಿ ಕೂತೆ. ಮೇಲಿನಿಂದ ಇಳಿಯುತ್ತಿದ್ದ ವಯಸ್ಸಾದ ಗಂಡ ಹೆಂಡತಿ ನಿಂತರು. ಅಮ್ಮ ಅವರಿಗೂ ಅವಲಕ್ಕಿ ಕೊಟ್ಟರು, ಕನ್ನಡದಲ್ಲೇ, 'ಖಾರ ಇಲ್ಲ, ತಗೊಳ್ಳಿ' ಅಂತ. ಖಾರ ಇತ್ತು. ಆ ಹೆಂಗಸು ಕೆಮ್ಮಿ, ನೀರು ಕುಡಿದು, ಇನ್ನೊಂದು ಮುಷ್ಟಿ ತೆಗೆದುಕೊಂಡರು.

ರಾತ್ರಿ ಹತ್ತಕ್ಕೂ ಬೆಳಕಿತ್ತು. ಊರಲ್ಲಿ ಆಗಲೇ ಮಧ್ಯರಾತ್ರಿ ದಾಟಿತ್ತಾದ್ದರಿಂದ ಮರುದಿನ ಬೆಳಗ್ಗೆ ರೈಲಿನಲ್ಲಿ ಕೂತು ಅಮ್ಮ ಚಿಕ್ಕಮ್ಮನಿಗೆ ಫೋನ್ ಮಾಡಿದರು. ಸ್ಪೀಕರಿಗೆ ಹಾಕಿದ್ದರು, ಅವರು ಯಾವಾಗಲೂ ಸ್ಪೀಕರಿಗೇ ಹಾಕುವುದು. 'ಜಲಪಾತ ನೋಡಿದ್ಯೇನೆ?' ಚಿಕ್ಕಮ್ಮ ಕೇಳಿದರು.

'ಹೂಂ, ಅರ್ಧ ದಾರಿಗೆ ಹೋಗಿದ್ದೆ. ಸದ್ದು ಚೆನ್ನಾಗಿ ಕೇಳ್ತಿತ್ತು.'

'ಹೌದಾ' ಅಂದ ಚಿಕ್ಕಮ್ಮ, ಈ ಸಲ ಮಳೆ ಇನ್ನೂ ಹಿಡಿದಿಲ್ಲ, ಔಷಧಿ ಹೊಡೆಯೋಕೆ ಆಳು ಸಿಗುತ್ತಿಲ್ಲ ಅಂತ ಶುರು ಮಾಡಿದರು. ಅಮ್ಮ ಕಿಟಕಿಗೆ ಬೆನ್ನು ಹಾಕಿ ತಿರುಗಿ ಕೂತು, ಮ್ಯೂರ್ದಾಲ್ ಬರುವ ತನಕ ಅದನ್ನೇ ಮಾತಾಡಿದರು.